ಗ್ರಾಫಿಗೆ ಸೇರದ ಮೇಸ್ತ್ರಿಯ ಮಾತು

ಪೈನ್ ಮರದ ಅಂಟು ಕೂತು ಕೂತು ಮೇಸ್ತ್ರಿಯ ಅಂಗೈಗಳು ಕಪ್ಪಾಗಿದ್ದವು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಟೀ ಲೋಟವನ್ನು ಎರಡೇ ಬೆರಳ ತುದಿಯಲ್ಲಿ ಅಂಚು ಹಿಡಿದು ಎತ್ತುತ್ತಿದ್ದರು. ಇಲ್ಲದಿದ್ದರೆ ಲೋಟ ಕೈಗೇ ಅಂಟಿಕೊಳ್ಳುತ್ತಿತ್ತು.

ಪೀಣ್ಯದಲ್ಲಿ ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಸಾಮಿಲ್ಲಿನ ಮೇಸ್ತ್ರಿ ಅವರು, ಹಳಿಯಾಳದ ಕಡೆಯವರು. ಹೊರದೇಶದಿಂದ ಹಡಗಿನಲ್ಲಿ ಬಂದ ಪೈನ್ ದಿಮ್ಮಿಗಳನ್ನು ಸೀಳಿ ಹಲಗೆ ಮಾಡುವುದು ಅವರ ಕೆಲಸ. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವುದು ನನ್ನದು. ಲಾರಿ ಬಂದ ದಿನ ಮೊದಲ ದಿಮ್ಮಿಯ ತುದಿಯಿಂದ ತೆಳ್ಳನೆಯ ಬಿಲ್ಲೆಯೊಂದನ್ನು ಕೊಯ್ದು, ಮೂಸಿ, ತಿಂಗಳು, ವರ್ಷ ಬರೆದು ಶೆಡ್ಡಿನ ಗೋಡೆಗೆ ಮೊಳೆ ಹೊಡೆಯುವುದು ಅವರ ಪದ್ಧತಿ. ಒಮ್ಮೆ ಅದನ್ನು ನೋಡಿ ನಾನು ನಕ್ಕೆ.

“ನಗಬ್ಯಾಡ ತಂಗಿ. ಚೀನಾದವ್ರು ಜಾಸ್ತಿ ಕೊಂಡ ವರ್ಷ ನಮಗ ಬರೂದು ಬರೇ ಗಂಟಿನ ಮಾಲು. ಅವ್ರು ಕೈಬಿಟ್ರಂದ್ರ ನೆಟ್ಟನ ದಿಮ್ಮಿ ಈ ಕಡೆ ತಿರುಗ್ತಾವ. ಗ್ವಾಡೀನ ಹೇಳ್ತೈತಿ ನೋಡು.”

ನೋಡಿದೆ. ಕೆಲವು ವರ್ಷದ ಬಿಲ್ಲೆಗಳ ತುಂಬ ಗಂಟು, ಕೆಲವು ವರ್ಷದವಕ್ಕೆ ಒಂದೂ ಇಲ್ಲ. ಹೌದೆನಿಸಿತು. ಆದರೂ ಬಿಕಾಂ ಓದಿದವಳಿಗೆ ಗೋಡೆ ಏನು ಪಾಠ ಹೇಳೀತು ಎಂಬ ಕೊಬ್ಬು ನನಗೆ.

ಆಮೇಲೊಂದು ದಿನ ಮಾಲೀಕರು ನನಗೊಂದು ಗ್ರಾಫ್ ಮಾಡಲು ಹೇಳಿದರು. ಪೈನ್‌ನಂಥ ಮೆದುಮರದ ದಿಮ್ಮಿಗಳನ್ನು ಚೀನಾ ವರ್ಷದಿಂದ ವರ್ಷಕ್ಕೆ ಎಷ್ಟು ತರಿಸುತ್ತದೆ, ಭಾರತ ಎಷ್ಟು ಎಂಬ ಹೋಲಿಕೆ. ದಿಮ್ಮಿ ತರಿಸಿ ಸೀಳುವುದೋ, ಸೀಳಿದ ಹಲಗೆಯನ್ನೇ ತರಿಸುವುದೋ ಎಂದು ಅವರು ತೀರ್ಮಾನಿಸಬೇಕಿತ್ತು. ಭಾರತದ ಗೆರೆ ತಗ್ಗಿನಲ್ಲೇ ಇತ್ತು. ಚೀನಾದ್ದು ಎತ್ತರಕ್ಕೆ ಏರಿ, ಕಡೆಯ ವರ್ಷಗಳಲ್ಲಿ ಜಾರಿತ್ತು. ಹೆಮ್ಮೆಯಿಂದ ಮೇಸ್ತ್ರಿಗೆ ತೋರಿಸಿದೆ.

ಬಂದರಿನ ಲಾರಿ ಡ್ರೈವರುಗಳಿಂದ ಅವರಿಗೆ ಎಲ್ಲ ಸುದ್ದಿಯೂ ಮುಟ್ಟುತ್ತಿತ್ತು. “ಅಲ್ಲಿ ಮನಿ ಕಟ್ಟೂದು ಕಡಿಮಿ ಆಗೈತಿ, ಅದಕ್ಕ ಇಳದೈತಿ. ದಿಮ್ಮಿ ಸೀಳೂದು ಲುಕ್ಸಾನು ಅಂತಲ್ಲ. ಇನ್ನ ನಮಗ ಚಲೋ ಮಾಲು ಬರ್ತೈತಿ. ಇದನ್ನೂ ಬರಿ ತಂಗಿ,” ಎಂದರು.

ಬರೆಯಲಿಲ್ಲ. ಇದಕ್ಕೆ ಆಧಾರವೇನು ಎಂದು ಮಾಲೀಕರು ಕೇಳಿದರೆ ಮೇಸ್ತ್ರಿಯ ಹೆಸರು ಹೇಳಲು ನಾಚಿಕೆಯಾಯಿತು. ಮರುದಿನ ಅವರು “ನನ್ನ ಮಾತು ಹಾಕಿದೇನವ್ವಾ?” ಎಂದು ಕೇಳಿದಾಗ “ಹಾಕಿದೀನಿ ಮೇಸ್ತ್ರಿ” ಎಂದುಬಿಟ್ಟೆ.

ಮಾಲೀಕರ ಕಣ್ಣಿಗೆ ಬಿದ್ದದ್ದು ಜಾರಿದ ಗೆರೆಯೊಂದೇ. “ಅಷ್ಟು ದೊಡ್ಡ ಚೀನಾನೇ ದಿಮ್ಮಿ ಬಿಡ್ತಾ ಇದೆ, ನಾವ್ಯಾಕಮ್ಮ ಇನ್ನೂ ಸೀಳ್ತಾ ಕೂರೋದು?” ಎಂದರು. ನಾನು ಗ್ರಾಫನ್ನು ಹಾಗೆಯೇ ಫೈಲಿಗೆ ಸೇರಿಸಿದೆ. ಗರಗಸದ ಯಂತ್ರ ಮಾರಾಟವಾಯಿತು, ಮೇಸ್ತ್ರಿಯ ಕೆಲಸ ಹೋಯಿತು. ಕೆಲವೇ ತಿಂಗಳಲ್ಲಿ ಪಕ್ಕದ ಸಾಮಿಲ್ಲಿಗೆ ಗಂಟಿಲ್ಲದ, ನೆಟ್ಟನೆಯ ದಿಮ್ಮಿಗಳು ಬಂದಿಳಿದವು. ಅಷ್ಟರಲ್ಲಿ ಮೇಸ್ತ್ರಿ ಚಿಕ್ಕಬಾಣಾವರದ ಅಪಾರ್ಟ್‌ಮೆಂಟೊಂದರಲ್ಲಿ ಕಾವಲಿಗೆ ಸೇರಿದ್ದರು. ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದು ಪ್ರತಿ ಭಾನುವಾರವೂ ಅಂದುಕೊಂಡೆ. ಒಂದು ಭಾನುವಾರವೂ ಹೋಗಲಿಲ್ಲ.

ಹೋದದ್ದು ಹೋದ ತಿಂಗಳು, ಅವರು ಎದೆನೋವಿನಿಂದ ತೀರಿಕೊಂಡ ಸುದ್ದಿ ಕೇಳಿದ ಮೇಲೆ. ಬಾಡಿಗೆ ಕೋಣೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನೀನ ಏನವ್ವಾ ಆ ತಂಗಿ? ಬಂದವರಿಗೆಲ್ಲಾ ಹೇಳ್ತಿದ್ರು, ಆಕಿ ನನ್ನ ಮಾತು ಕಾಗದದಾಗ ಬರದಾಳ, ಮಾಲಕರೇ ಕೇಳಲಿಲ್ಲ ಅಂತ. ಆ ಕಾಗದ ನಮಗೊಂದು ಕೊಡ್ತೀಯೇನು? ಮೊಮ್ಮಕ್ಕಳಿಗೆ ತೋರಸ್ತೀನಿ.”

ನಿಜ ಹೇಳಲೆಂದೇ ಹೋಗಿದ್ದೆ. “ತಂದ್ಕೊಡ್ತೀನಮ್ಮ” ಎಂದು ಎದ್ದು ಬಂದೆ.