ಎಲ್ಲರೂ ಹುಟ್ಟಿದ ದಿನ

ಮೇ ೩೧, ಭಾನುವಾರ, ಸಂಜೆ ೫ ಗಂಟೆ ೨೦ ನಿಮಿಷ.

ಪಕ್ಕದ ಮನೆಯ ತಾಯಿ ನಾಳೆಯ ಶಾಲೆಗಾಗಿ ಮಗನ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದಾಳೆ. ಕಲಬುರಗಿಯ ಈ ಬಾಡಿಗೆ ಕೋಣೆಯ ಕಿಟಕಿಗೆ ಕಂದು ಕಾಗದದ ಒಣ ವಾಸನೆ ಬರುತ್ತಿದೆ, ಅದರ ಬೆನ್ನಿಗೇ ಕುದಿಸಿದ ಹಿಟ್ಟಿನ ವಾಸನೆ. ಅಂಗಡಿಯ ಗೋಂದು ಮುಗಿದಿರಬೇಕು, ಹಿಟ್ಟನ್ನೇ ಕಲಸಿದ್ದಾಳೆ. ನಾನು ಬಿ.ಎಡ್. ಪುಸ್ತಕ ಮುಚ್ಚಿಟ್ಟು ಈ ವಹಿ ತೆಗೆದೆ. ನಮ್ಮ ಆಯಿಯ ಮನೆಯಲ್ಲಿ ಜೋಳದ ಹಿಟ್ಟಿನ ಅಂಟು ಮಾಡುತ್ತಿದ್ದರು. ಅದರ ರುಚಿಗೆ ಇರುವೆಗಳು ಮುತ್ತಿ ದಸರೆಯ ಹೊತ್ತಿಗೆ ನಮ್ಮ ಪುಸ್ತಕಗಳ ಹೊದಿಕೆಯನ್ನು ತೂತು ತೂತಾಗಿ ತಿಂದು ಮುಗಿಸುತ್ತಿದ್ದವು. ಐದು ವರ್ಷಗಳಲ್ಲಿ ನನ್ನ ಮತ್ತು ಗೆಳತಿ ಜಗದೇವಿಯ ಒಟ್ಟು ಮೂವತ್ತೆಂಟು ಪುಸ್ತಕಗಳನ್ನು ಇರುವೆಗಳು ತಿಂದಿವೆ. ನಾನು ಎಣಿಸಿಟ್ಟಿದ್ದೇನೆ. ಎಣಿಸುವುದು ಬಿಟ್ಟು ಬೇರೇನೂ ನನಗೆ ಚೆನ್ನಾಗಿ ಬರಲಿಲ್ಲ.

ಆಯಿ ನನ್ನ ಅಜ್ಜಿಯಲ್ಲ, ಜಗದೇವಿಯ ಅಜ್ಜಿ. ಅಫಜಲಪುರದಿಂದ ಕರಜಗಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ, ಸಿಸ್ಟರ್ ಸಾಲಿಯ ಹಿಂಗೋಡೆಗೆ ಅಂಟಿಕೊಂಡಂತೆ ಆಕೆಯ ಮಣ್ಣಿನ ಮಾಳಿಗೆ ಮನೆ ಇತ್ತು. ಜಗದೇವಿಯ ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು, ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದರು. ಎದುರಿನ ಓಣಿಯಲ್ಲಿ ನಮ್ಮ ಮನೆ. ನನ್ನ ಅಬ್ಬಾ ದರ್ಜಿ. ಆದರೆ ನನ್ನ ಬಾಲ್ಯ ನಡೆದದ್ದು ಆಯಿಯ ಮನೆಯಲ್ಲೇ. ಒಳಗೆ ಕಾಲಿಟ್ಟರೆ ಹಗಲಲ್ಲೂ ಕತ್ತಲು, ತಂಪು, ಸುಟ್ಟ ರೊಟ್ಟಿಯ ಮತ್ತು ವಿಭೂತಿಯ ವಾಸನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ನೆಟ್ಟಗೆ ಇಳಿಯುತ್ತಿತ್ತು. ಅದು ಬೀಸುವ ಕಲ್ಲಿನ ಅಂಚು ಮುಟ್ಟಿದರೆ ಶಾಲೆಯ ಹೊತ್ತು. ಆ ಮನೆಯಲ್ಲಿ ಗಡಿಯಾರವಿರಲಿಲ್ಲ, ಕ್ಯಾಲೆಂಡರ್ ಇರಲಿಲ್ಲ. ಆಯಿಗೆ ತಿಂಗಳು ಗೊತ್ತಿರಲಿಲ್ಲ, ಹಂಗಾಮು ಗೊತ್ತಿತ್ತು. ಯಾರು ಯಾವಾಗ ಸತ್ತರೆಂದು ಕೇಳಿದರೆ ತೊಗರಿ ಬಡಿಯುವಾಗ ಎನ್ನುತ್ತಿದ್ದಳು, ಮಳೆ ಯಾವಾಗ ನಿಂತಿತೆಂದರೆ ಸಜ್ಜೆ ತೆನೆ ಕಟ್ಟುವಾಗ.

ಸಿಸ್ಟರ್ ಸಾಲಿ ಎಂದರೆ ಎರಡು ಕೋಣೆ, ಒಂದು ತಗಡಿನ ಪಡಸಾಲೆ, ಶಹಾಬಾದ್ ಪರಸಿಕಲ್ಲಿನ ನೆಲ. ಇಬ್ಬರು ಸಿಸ್ಟರ್‌ಗಳು, ಕ್ರೈಸ್ತ ಸನ್ಯಾಸಿನಿಯರು, ಇಬ್ಬರೂ ಮಂಗಳೂರಿನ ಕಡೆಯವರು. ಊರಿನಲ್ಲಿ ಕ್ರೈಸ್ತರ ಮನೆ ಒಂದೂ ಇರಲಿಲ್ಲ. ಹಣೆತುಂಬ ವಿಭೂತಿಯ ಆಯಿ ಶಾಲೆಯ ಬಾಗಿಲಲ್ಲಿದ್ದ ಮರಿಯಮ್ಮನವರ ಮೂರ್ತಿಗೆ ದಿನವೂ ಕೈಮುಗಿಯುತ್ತಿದ್ದಳು. ಯಾರಾದರೂ ನಕ್ಕರೆ, "ಯಾಕ್ರಿ, ಈಕಿ ಕಂಕುಳಾಗಿನ ಕೂಸ ಕಾಣಂಗಿಲ್ಲೇನ್ರಿ? ಕೂಸ ಹೊತ್ತಾಕಿ ಯಾರ ಮನ್ಯಾಕಿ ಆದ್ರೇನು?" ಎನ್ನುತ್ತಿದ್ದಳು.

ನಾವು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ಜೂನ್ ಒಂದರಂದು, ಮಂಗಳವಾರ. ಹಿಂದಿನ ದಿನವೇ ಫಿನೈಲ್ ಹಾಕಿ ತೊಳೆದಿದ್ದ ಪರಸಿ ಇನ್ನೂ ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಅಬ್ಬಾ ನಮ್ಮಿಬ್ಬರಿಗೂ ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಫ್ರಾಕು ಹೊಲಿದಿದ್ದರು. ಜಗದೇವಿಯದರ ಅಂಚನ್ನು ಒಳಗೆ ನಾಲ್ಕು ಬೆರಳು ಮಡಿಸಿ, "ಬೆಳಿಯೋ ಪೋರಿ ಐತಿ, ವರ್ಷಕ್ಕೊಂದ ಬೆರಳಷ್ಟ ಬಿಡತೀನಿ" ಎಂದಿದ್ದರು. ದೊಡ್ಡ ಸಿಸ್ಟರ್ ದಪ್ಪ ರಿಜಿಸ್ಟರ್ ತೆರೆದು ಕುಳಿತಿದ್ದರು. ನನ್ನ ಅಮ್ಮಿಗೆ ನಾನು ಹುಟ್ಟಿದ ತಾರೀಖು ನೆನಪಿರಲಿಲ್ಲ; ಏಪ್ರಿಲ್ ಇರಬಹುದು ಎಂದಳು. ಸಿಸ್ಟರ್ ಜೂನ್ ಒಂದು ಎಂದು ಬರೆದರು. ತಾರೀಖು ತಿಳಿಯದ ಎಲ್ಲ ಮಕ್ಕಳಿಗೂ ನಮ್ಮ ಕಡೆಯ ಶಾಲೆಗಳಲ್ಲಿ ಹಾಗೇ ಬರೆಯುತ್ತಿದ್ದರು, ಶಾಲೆ ಆರಂಭವಾಗುವ ದಿನವೇ ಮಗು ಹುಟ್ಟಿದ ದಿನ. ಆದರೆ ಆಯಿ ಒಬ್ಬಳಿಗೆ ಮಾತ್ರ ಮೊಮ್ಮಗಳು ಹುಟ್ಟಿದ ದಿನ ನೆನಪಿತ್ತು. "ಎಳ್ಳಮಾಸಿ ದಿನಾರಿ. ಹೊಲದಾಗ ಚರಗಾ ಚೆಲ್ಲಿ ಬಂಡಿ ಹೊಳ್ಳಿ ಮನಿಗಿ ಬಂದ ಸಂಜಿಗಿ ಹುಟ್ಟ್ಯಾಳ್ರಿ. ಜ್ವಾಳ ಹಾಲಗಾಳ ಇತ್ತು." ಹಿಂಗಾರಿ ಜೋಳಕ್ಕೆ ಹಾಲು ತುಂಬುವ ಕಾಲದಲ್ಲಿ, ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ತಿಂದು ಭೂಮಿಗೂ ಎಡೆ ಚೆಲ್ಲಿ ಬರುವ ಹಬ್ಬ ಅದು. ಸಿಸ್ಟರ್ ಬೆರಳೆಣಿಸಿದರು. ಒಂದನೇ ತರಗತಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು, ಇವಳಿಗೆ ಇನ್ನೂ ಐದೂವರೆಯೂ ಆಗಿಲ್ಲ, ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದರು.

ಜಗದೇವಿ ಅಳಲಿಲ್ಲ. ಆಕೆ ತನ್ನ ಹೊಸ ಫ್ರಾಕಿನ ಗುಂಡಿಯನ್ನು ನೋಡುತ್ತ ನಿಂತಳು. ಅತ್ತವಳು ನಾನು. ಆ ತಣ್ಣನೆಯ ಪರಸಿಯ ಮೇಲೆ ಅಂಗಾತ ಬಿದ್ದು, ಕಾಲು ಬಡಿದು, "ಜಗ್ಗಿ ಬರದಿದ್ರ ನಾನೂ ಬರಂಗಿಲ್ಲ" ಎಂದು ಇಡೀ ಪಡಸಾಲೆ ಕೇಳುವಂತೆ ಕಿರುಚಿದೆ. ಅಮ್ಮಿ ಎರಡೇಟು ಹಾಕಿದಳು. ನಾನು ಏಳಲಿಲ್ಲ. ಕೊನೆಗೆ ದೊಡ್ಡ ಸಿಸ್ಟರ್ ನಕ್ಕುಬಿಟ್ಟರು. "ಆಯಿತು ಮಾರಾಯ್ತಿ, ಎದ್ದೇಳು" ಎಂದು, ನನ್ನ ಹೆಸರಿನ ಕೆಳಗೆ ಜಗದೇವಿಯ ಹೆಸರು ಬರೆದು, ನನ್ನದೇ ತಾರೀಖು, ನನ್ನದೇ ವರ್ಷ ಹಾಕಿದರು. ಅದು ಕರುಣೆಯ ಕೆಲಸವಾಗಿತ್ತು. ಆ ದಿನ ಅಲ್ಲಿದ್ದ ಯಾರಿಗೂ ಬೇರೆ ಥರ ಅನಿಸಲು ಕಾರಣವಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಆಯಿ ಎದುರಾದವರಿಗೆಲ್ಲ ಹೇಳಿ ನಗುತ್ತಿದ್ದಳು: "ಸಿಸ್ಟರಬಾಯಿ ಬರದ ತಾರೀಖಿಗಿ ನನ್ನ ಮೊಮ್ಮಗಳು ಅವರವ್ವನ ಹೊಟ್ಟ್ಯಾಗ ಹೆಸರಕಾಳಿನಷ್ಟ ಇದ್ಳು ನೋಡ್ರಿ. ಹೊಟ್ಟ್ಯಾಗಿಂದನ ಸಾಲಿಗಿ ಹೊಂಟಾಳ!"

ಮರುವರ್ಷದ ಜೂನ್ ಒಂದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಹೊಸದಾಗಿ ಬಂದಿದ್ದ ಸಣ್ಣ ಸಿಸ್ಟರ್‌ಗೆ ಈ ಕಡೆಯ ಪದ್ಧತಿ ಗೊತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಚಾಕಲೇಟು ಇಟ್ಟುಕೊಂಡು ಬಂದು, "ಇವತ್ತು ಯಾರದ್ದಾದರೂ ಹುಟ್ಟುಹಬ್ಬ ಉಂಟಾ? ಎದ್ದು ನಿಲ್ಲಿ" ಎಂದು ರಿಜಿಸ್ಟರ್ ಬಿಡಿಸಿದರು. ಮೂವತ್ನಾಲ್ಕರಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಎದ್ದು ನಿಂತೆವು. ಕುಳಿತಿದ್ದ ಐವರು ತಮಗೇನೋ ತಪ್ಪಿಹೋಯಿತೆಂದು ಅಳತೊಡಗಿದರು. ಸಣ್ಣ ಸಿಸ್ಟರ್ ಒಮ್ಮೆ ರಿಜಿಸ್ಟರ್ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು, ಚಾಕಲೇಟು ಹಿಡಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಮಧ್ಯಾಹ್ನ ಅವರ ಅಡುಗೆಮನೆಯ ಸಕ್ಕರೆ ಡಬ್ಬಿ ಬಂತು. ಎಲ್ಲರ ಅಂಗೈಗೂ ಒಂದೊಂದು ಚಮಚ, ಅಳುತ್ತಿದ್ದ ಐವರಿಗೆ ಎರಡೆರಡು. ಆಮೇಲೆ ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಸಕ್ಕರೆಯ ದಿನವಾಯಿತು. ಬೆವರಿದ ಅಂಗೈಯಲ್ಲಿ ಕರಗುವ ಸಕ್ಕರೆಯನ್ನು ನೆಕ್ಕುತ್ತ, ಜಗದೇವಿ ಮತ್ತು ನಾನು ಒಂದೇ ಹೊತ್ತಿಗೆ ಒಂದು ವರ್ಷ ದೊಡ್ಡವರಾಗುತ್ತಿದ್ದೆವು. ಅಬ್ಬಾ ಆಕೆಯ ಫ್ರಾಕಿನ ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಗಾಢ ನೀಲಿಯ ಒಂದು ಗೆರೆ ಉಳಿಯುತ್ತಿತ್ತು.

ಐದನೇ ತರಗತಿಯ ಮೊದಲ ದಿನ ಸಣ್ಣ ಸಿಸ್ಟರ್ ನನಗೊಂದು ಡೈರಿ ಕೊಟ್ಟರು. ನಾನು ದಿನವೂ ಹಾಜರಿ ಎಣಿಸಿ ಹಲಗೆಯ ಮೇಲೆ ಬರೆಯುತ್ತಿದ್ದುದಕ್ಕೆ ಅದು ಬಹುಮಾನ. ಅದರಲ್ಲಿ ನಾನು ಮಾಡಿದ ಮೊದಲ ದೊಡ್ಡ ಕೆಲಸ ಜಗದೇವಿ ಹುಟ್ಟಿದ ನಿಜವಾದ ದಿನವನ್ನು ಹುಡುಕಿದ್ದು. ಎಳ್ಳಮಾಸಿ ಯಾವ ವರ್ಷದ್ದೆಂದು ಆಯಿಯನ್ನು ಮೂರು ಸಂಜೆ ಕೇಳಿ, ಕಿರಾಣಿ ಅಂಗಡಿಯವರ ಅಟ್ಟದ ಮೇಲಿದ್ದ ಹಳೆಯ ಕ್ಯಾಲೆಂಡರ್ ಇಳಿಸಿ ನೋಡಿದೆ. ಜನವರಿ ಹತ್ತು, ಸೋಮವಾರ. ರಿಜಿಸ್ಟರಿನ ತಾರೀಖಿಗೂ ಇದಕ್ಕೂ ನಡುವೆ ಇನ್ನೂರಾ ಇಪ್ಪತ್ಮೂರು ದಿನ. ಜಗದೇವಿಗೆ ಓದಿ ಹೇಳಿದೆ. "ಅಂದ್ರ ನಾ ನಿನಗಿಂತ ಸಣ್ಣಾಕಿ ಅನ್ನು," ಎಂದು ನನ್ನ ಜಡೆ ಎಳೆದಳು. "ಯಾರ ಮುಂದೂ ಹೇಳಬ್ಯಾಡ ಬೇ. ಸಕ್ಕರಿ ತಪ್ಪತೈತಿ."

ನಾನು ಹೇಳಲಿಲ್ಲ. ಐದನೇ ತರಗತಿ ಮುಗಿದು ಬೇರೆ ಶಾಲೆಗೆ ಹೋದೆವು, ಪಿಯುಸಿಗೆ ಇಬ್ಬರೂ ಬಸ್ಸಿನಲ್ಲಿ ಅಫಜಲಪುರಕ್ಕೆ ಓಡಾಡಿದೆವು. ರಿಜಿಸ್ಟರಿನ ತಾರೀಖೇ ನಮ್ಮ ಹಿಂದೆ ಎಲ್ಲ ಕಾಗದಗಳಿಗೂ ಬಂತು. ಜಗದೇವಿ ನರ್ಸಿಂಗ್ ಓದಬೇಕೆಂದಿದ್ದಳು. ಎರಡನೇ ಪಿಯುಸಿ ಪರೀಕ್ಷೆ ಮುಗಿದು ಎರಡು ವಾರವೂ ಆಗಿರಲಿಲ್ಲ, ಪುಣೆಯಿಂದ ಅಪ್ಪ ಅವ್ವ ಬಂದು ಯಡ್ರಾಮಿಯ ಕಡೆಯ ಒಂದು ಹಳ್ಳಿಗೆ ಮಾತು ಕೊಟ್ಟರು. ಜೂನ್ ಮೂರಕ್ಕೆ ಮದುವೆ. ಶಾಲೆಯ ದಾಖಲೆಯ ಪ್ರಕಾರ ಜೂನ್ ಒಂದಕ್ಕೆ ಆಕೆಗೆ ಹದಿನೆಂಟು ತುಂಬುತ್ತಿತ್ತು. ಯಾರೂ ಕಾನೂನು ತಪ್ಪುತ್ತಿರಲಿಲ್ಲ.

ಆಕೆ ನಮ್ಮ ಮನೆಯ ಹಿತ್ತಲಿಗೆ ಬಂದು ನನ್ನ ಮೊಣಕೈ ಹಿಡಿದಳು. "ನಸರೂ, ಆ ವಹಿ ಐತೇನು? ಖರೆ ತಾರೀಖ ಬರದದ್ದು? ಅದನ್ನ ತೋರಿಸಿದ್ರ ಜನವರಿ ತನಕ ತಡೀತಾರ. ಏಳ ತಿಂಗಳ ಸಿಕ್ರ ಸಾಕ ಬೇ, ಅಷ್ಟೊತ್ತಿಗಿ ನಾ ಕಲಬುರ್ಗಿ ಹಾಸ್ಟೆಲ್‌ದಾಗ ಇರ್ತೇನಿ. ಅಲ್ಲಿಂದ ಯಾರು ಎಳಕೊಂಡ ಬರ್ತಾರ?" ನಾನೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಜೂನ್ ಎರಡರ ಮಧ್ಯಾಹ್ನ ಮೂರು ಗಂಟೆಗೆ, ಆಯಿಯ ಬಾಗಿಲಲ್ಲಿ ಅರಿಶಿನ ಅರೆಯುತ್ತಿದ್ದಾಗ, ಜೀಪು ಬಂತು. ಒಬ್ಬ ಮೇಡಮ್, ಒಬ್ಬ ಗುಮಾಸ್ತರು. ಜಗದೇವಿಯ ಅಪ್ಪ ಶಾಲೆಯ ಸರ್ಟಿಫಿಕೇಟು ಕೊಟ್ಟ. ನಾನು ಡೈರಿ ಬಿಚ್ಚಿ ಕೊಟ್ಟೆ. ಮೇಡಮ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿ ಓದಿದರು. ಅವರು ಕೆಟ್ಟವರಾಗಿರಲಿಲ್ಲ. "ತಂಗಿ, ಇದು ನೀ ಬರದದ್ದು. ಅದು ಸಾಲಿಯವರು ಬರದದ್ದು," ಎಂದರು. ಆಮೇಲೆ, ಹೋಗುವ ಮುನ್ನ ಇದೊಂದನ್ನು ಕೇಳಲೇಬೇಕು ಎಂಬಂತೆ, ಗೋಡೆಗೆ ಒರಗಿ ಕುಳಿತಿದ್ದ ಆಯಿಯ ಕಡೆ ತಿರುಗಿದರು. "ಯವ್ವಾ, ನೀ ಹೇಳು. ಮೊಮ್ಮಗಳು ಹುಟ್ಟಿದ್ದು ಯಾವಾಗ?"

ಬೆಳಕಿಂಡಿಯ ಬಿಸಿಲು ಬೀಸುವ ಕಲ್ಲನ್ನು ಎಂದೋ ದಾಟಿ ಗೋಡೆ ಏರಿತ್ತು. ಆಯಿ ನನ್ನನ್ನು ನೋಡಿದಳು, ಜಗದೇವಿಯನ್ನು ನೋಡಲಿಲ್ಲ. ಜನ್ಮದಲ್ಲಿ ಒಂದು ತಿಂಗಳ ಹೆಸರನ್ನೂ ಬಾಯಿಗೆ ತಂದಿರದ ಆಕೆ ಹೇಳಿದಳು: "ಜೂನ್ ಒಂದ್ರಿ."

ಜೀಪು ಹೊರಟಿತು. ಧೂಳು ಕೂರುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಜಗದೇವಿ ಬಂದು ಡೈರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಿ, ಮತ್ತೆ ನನ್ನ ಕೈಗೇ ಇಟ್ಟಳು. ಆಕೆಯ ಬೆರಳಿನ ಅರಿಶಿನ ಹೊದಿಕೆಗೆ ಹತ್ತಿತು, ಈಗಲೂ ಇದೆ. "ಅವತ್ತ ನೀ ಅಳಬಾರದಿತ್ತ ಬೇ, ನಸರೂ," ಎಂದಳು. ನಗುತ್ತಲೇ ಹೇಳಿದಳು. ಆ ನಗು ಇಲ್ಲದಿದ್ದರೆ ಇಷ್ಟು ವರ್ಷ ಹೇಗೋ ಕಳೆಯುತ್ತಿತ್ತೇನೋ.

ಮರುದಿನ ಮದುವೆಯಾಯಿತು. ಆಕೆಗೆ ಹದಿನೆಂಟು ತುಂಬಲು ಇನ್ನೂರಾ ಇಪ್ಪತ್ತೊಂದು ದಿನ ಬಾಕಿ ಇತ್ತು. ಹದಿನೈದು ದಿನದ ಮೇಲೆ ಪಿಯುಸಿ ಫಲಿತಾಂಶ ಬಂತು, ಆಕೆಗೆ ಮೊದಲ ದರ್ಜೆ. ಫೋನಿನಲ್ಲಿ ಹೇಳಿದಾಗ "ಹೌದಾ" ಎಂದಳಷ್ಟೇ. ಆಯಿಯ ಜೊತೆ ನಾನು ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ, ಯಾಕೆ ಹಾಗೆ ಹೇಳಿದೆಯೆಂದು ಕೇಳಿಯೇಬಿಟ್ಟೆ. ಆಕೆ ಹಾಸಿಗೆ ಹಿಡಿದಿದ್ದಳು. "ಎದ್ಯಾಗ ಉಸಿರ ನಿಲ್ಲವಲ್ದವ್ವ. ನಾ ಹೋದ ಮ್ಯಾಲ ಆಕಿ ಈ ಮನ್ಯಾಗ ಒಬ್ಬಾಕಿನ ಉಳೀತಿದ್ಳು. ಜ್ವಾಳ ಹಾಲಗಾಳಿಗಿ ಬರೂತನಕ ನನ್ನ ಕಡೆ ಹೊತ್ತಿರಲಿಲ್ಲ." ಮದುವೆಯ ನೂರಾ ತೊಂಬತ್ತೊಂಬತ್ತನೇ ದಿನ, ಡಿಸೆಂಬರ್ ಹತ್ತೊಂಬತ್ತರಂದು ಆಯಿ ತೀರಿಕೊಂಡಳು. ಆಕೆಯ ಲೆಕ್ಕವೇ ಸರಿಯಾಗಿತ್ತು. ಮಣ್ಣಿಗೆ ಬಂದಿದ್ದ ಜಗದೇವಿ ತೆಳ್ಳಗಾಗಿದ್ದಳು, ಗಂಡನ ಕಡೆಯವರು ಸಂಜೆಯ ಬಸ್ಸಿಗೇ ಕರೆದೊಯ್ದರು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ.

ಮುಂದಿನ ಫೆಬ್ರವರಿಯಿಂದ ಆಕೆಯ ಫೋನು ಹತ್ತುತ್ತಿಲ್ಲ. ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೂರು ಸಲವೂ ಬೀಗ. ಮೂರನೇ ಸಲ ಪಕ್ಕದ ಮನೆಯ ಹೆಂಗಸು ನೀರು ಕೊಟ್ಟು, "ಯಾತಕ್ಕ ಅಡ್ಡಾಡ್ತಿಯವ್ವ, ಅವರು ಮನಿ ಬಿಟ್ಟು ದುಡಿಯಾಕ ಹೋಗ್ಯಾರ. ಎಲ್ಲಿಗಿ ಅಂತ ಹೇಳಿಲ್ಲ. ಸಣ್ಣ ಕೂಸಿತ್ತು, ಹೆಣ್ಣು," ಎಂದಳು. ಜಗದೇವಿಯ ಅಪ್ಪ ಅವ್ವ ಊರಿಗೆ ಬರುವುದನ್ನು ಬಿಟ್ಟಿದ್ದಾರೆ. ಆಯಿಯ ಮಾಳಿಗೆ ಎರಡನೇ ಮಳೆಗಾಲಕ್ಕೆ ಕುಸಿಯಿತು. ಬೆಳಕಿಂಡಿ ಇದ್ದ ಜಾಗದಲ್ಲಿ ಈಗ ಪೂರಾ ಆಕಾಶ, ಬೀಸುವ ಕಲ್ಲಿನ ಮೇಲೆ ದಿನವಿಡೀ ಬಿಸಿಲು. ಸಿಸ್ಟರ್ ಸಾಲಿಯಲ್ಲಿ ಹೋದ ವರ್ಷ ಹನ್ನೊಂದು ಮಕ್ಕಳಿದ್ದರು. ಈ ವರ್ಷ ತೆರೆಯುವುದಿಲ್ಲ ಎಂದು ಅಬ್ಬಾ ಫೋನಿನಲ್ಲಿ ಹೇಳಿದರು. ಸಿಸ್ಟರ್‌ಗಳು ಮರಿಯಮ್ಮನವರ ಮೂರ್ತಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರಂತೆ. ರಿಜಿಸ್ಟರ್ ಎಲ್ಲಿ ಹೋಯಿತೆಂದು ಅಬ್ಬಾಗೆ ಗೊತ್ತಿಲ್ಲ. ಎಲ್ಲಿದ್ದರೂ ಅದರಲ್ಲಿ ಬರೆದದ್ದು ಬದಲಾಗುವುದಿಲ್ಲ.

ನಾಳೆ ಜೂನ್ ಒಂದು. ಪಕ್ಕದ ಮನೆಯ ಹುಡುಗ ಹೊಸ ಪುಸ್ತಕಗಳನ್ನು ಮೂಸಿ ನೋಡುತ್ತಿದ್ದಾನೆ. ಗಂಟೆ ಏಳಾಗುತ್ತ ಬಂತು, ಅಂಟು ಒಣಗಿದೆ.

ಜಗದೇವಿ ಮತ್ತು ಆಕೆಯ ಮಗಳು ಎಲ್ಲಿದ್ದಾರೆಂದು ಬಲ್ಲವರು ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಆಕೆಗೆ ನನ್ನೊಡನೆ ಮಾತು ಬೇಡವೆಂದಿದ್ದರೆ ಅದನ್ನೇ ಬರೆಯಿರಿ. ಕೂಸು ಹುಟ್ಟಿದ್ದು ಯಾವಾಗ ಎಂಬುದನ್ನೂ ತಿಳಿಸಿ. ತಾರೀಖು ಗೊತ್ತಿಲ್ಲದಿದ್ದರೆ ಹೊಲದಲ್ಲಿ ಆಗ ಏನಿತ್ತು ಎಂದು ಬರೆದರೂ ಸಾಕು, ಉಳಿದದ್ದನ್ನು ನಾನು ಹುಡುಕಿಕೊಳ್ಳುತ್ತೇನೆ. ಜೂನ್ ಒಂದು ಎಂದು ಮಾತ್ರ ಬರೆಯಬೇಡಿ.