ಮಗ್ಗ ನಿಂತಾಗ ನಾಯಿ ತಿಳಿದದ್ದು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರೆಯಲು ಕೂತರೆ ಕೈಗಿಂತ ಬಾಯಿಯೇ ಮುಂದೆ ಓಡುತ್ತದೆ. ಆದರೆ ಮೊಮ್ಮಗಳ ಮಾತು ಬಂದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಬರೀ ಗಂಡುಮಕ್ಕಳೇ ಇದ್ದ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಹೆಣ್ಣು ಕೂಸು ಅದು. ಹುಟ್ಟಿದ ದಿನ ಬನಹಟ್ಟಿಯ ನಮ್ಮ ಓಣಿಗೆಲ್ಲ ಪೇಡೆ ಹಂಚಿದೆ. ಉಳಿದದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಕೈಗೂ ಇಟ್ಟು ಬಂದೆ.

ಕೂಸು ತೊಟ್ಟಿಲಲ್ಲಿದ್ದಾಗಲೇ ಮುಧೋಳದ ಬೀಗರು ಒಂದು ನಾಯಿಮರಿ ಕೊಟ್ಟರು. ಆ ಕಡೆಯ ನಾಯಿ ನಿಮಗೆ ಗೊತ್ತೇ ಇದೆ, ಉದ್ದ ಕಾಲು, ಸಣ್ಣ ಸೊಂಟ, ಓಡಿದರೆ ಗಾಳಿ. ನಮ್ಮದು ಮಾತ್ರ ಅಂಜುಬುರುಕಿ. ಪಾತ್ರೆ ಬಿದ್ದರೆ ಮಂಚದ ಕೆಳಗೆ. ಹಾಗೆ ಅಂಜುವ ನಾಯಿಗೆ ಪಾವರ್‌ಲೂಮಿನ ಖಟಖಟ ಮಾತ್ರ ಜೋಗುಳ. ಹಗಲೆಲ್ಲ ಆ ಸದ್ದಿನಲ್ಲೇ ಅದೂ ಕೂಸೂ ಕೂಡಿ ಬೆಳೆದವು.

ಮನೆಯ ಮುಂಭಾಗದಲ್ಲಿ ನಾವು, ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು. ನಡುವಿನ ಬಾಗಿಲಿಗೆ ಒಂದು ಹಲಗೆ ಅಡ್ಡ ಇಟ್ಟಿರುತ್ತಿದ್ದೆವು, ಕೂಸು ದಾಟಬಾರದೆಂದು. ಮಗ್ಗದ ಕೆಳಗೆ ಕಬ್ಬಿಣದ ತೋಳುಗಳು ಮೇಲೆ ಕೆಳಗೆ ಬಡಿಯುತ್ತಿರುತ್ತವೆ, ಸಿಕ್ಕಿದ್ದನ್ನು ಬಿಡುವುದಿಲ್ಲ. ಕರೆಂಟ್ ಹೋದಾಗ ಮಾತ್ರ ಬೇರೆ. ನಮ್ಮಲ್ಲಿ ಕೆಲಸಕ್ಕಿದ್ದ ನೇಕಾರ ಒಂದೊಂದೇ ಮಗ್ಗದ ಹಿಡಿಕೆ ಬಿಡಿಸಿ ಚಹಾಕ್ಕೆ ಹೋಗುತ್ತಿದ್ದ. ಹಿಡಿಕೆ ಬಿಡಿಸಿದ ಮೇಲೆ ಕರೆಂಟ್ ಬಂದರೂ ಮಗ್ಗ ತಾನಾಗಿ ಅಲ್ಲಾಡದು. ಆಗ ಸೊಸೆ ಹಲಗೆ ತೆಗೆಯುವಳು. ನಾಯಿ ಹೋಗಿ ಮೂಲೆಯ ಮಗ್ಗದ ಕೆಳಗೆ ತಂಪು ನೆಲದ ಮೇಲೆ ಮಲಗುವುದು, ಕೂಸು ಅದರ ಹೊಟ್ಟೆಗೆ ಒರಗಿ ಮಲಗುವುದು. ಕರೆಂಟ್ ಹೋದರೆ ನಮಗೆ ನಷ್ಟ, ಆ ಎರಡಕ್ಕೆ ಹಬ್ಬ.

ನಮ್ಮ ಎದುರು ಮನೆಯ ಅಕ್ಕನ ಮಗ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡಿದ್ದ. ಒಂದು ವರ್ಷ ಜುಲೈನಲ್ಲಿ, ಆ ಯುದ್ಧದ ನೆನಪಿನ ದಿನ ಹತ್ತಿರ ಬಂದಾಗ, ಓಣಿಯ ಮಾಜಿ ಸೈನಿಕನೊಬ್ಬ ಮನೆಮನೆಗೂ ಬಂದು ಹೇಳಿದ: ತನ್ನ ಸೀಟಿ ಕೇಳಿದ ಕೂಡಲೇ ಎಲ್ಲ ಮಗ್ಗ ನಿಲ್ಲಬೇಕು, ಬಾಗಿಲಲ್ಲಿ ಎರಡು ನಿಮಿಷ ಮೌನ, ಮತ್ತೆ ಸೀಟಿ ಹೊಡೆದರೆ ಓಣಿಯ ಮಗ್ಗವೆಲ್ಲ ಒಮ್ಮೆಗೇ ಶುರುವಾಗಬೇಕು.

ನಮ್ಮ ನೇಕಾರ ತಲೆ ಕೆರೆದುಕೊಂಡ. "ಮಾಲಕ್ರ, ಒಂದೊಂದ ಹಿಡಿಕಿ ಬಿಡಿಸಿ ಮತ್ತ ಹಾಕೂದ್ರಾಗ ಎರಡ ನಿಮಿಷ ಅಲ್ಲೇ ಹೋಗತಾವ್ರಿ. ಮೇನ್ ಸ್ವಿಚ್ ಅಷ್ಟ ಇಳಸ್ತೀನಿ."

"ಆತು, ಹಂಗ ಮಾಡು," ಎಂದೆ.

ಆ ದಿನ ಬೆಳಿಗ್ಗೆಯೇ ಹುಡುಗರು ಯುದ್ಧ ಗೆದ್ದ ದಿನವೆಂದು ಪಟಾಕಿ ಹಚ್ಚಿದರು. ನಾಯಿ ಬಾಲ ಮುದುಡಿಕೊಂಡು ನನ್ನ ಕಾಲ ಸಂದಿಯಲ್ಲಿ ನಿಂತು ನಡುಗಿತು. ಅದರ ಎತ್ತರಕ್ಕೆ ಕಾಣುವುದು ಕಾಲುಗಳಷ್ಟೇ. ಸೀಟಿ ಆಯಿತು, ಮಗ್ಗಗಳ ಸದ್ದು ಅಡಗಿತು. ಓಣಿಯ ಕಾಲುಗಳೆಲ್ಲ ಒಮ್ಮೆಗೇ ನಿಂತವು. ಸೈನಿಕನ ಕರಿ ಬೂಟು, ಅಕ್ಕನ ಬರಿಗಾಲು, ನನ್ನ ಚಪ್ಪಲಿ, ಯಾವುದೂ ಅಲುಗದು. ನಾಯಿ ಮೂತಿಯಿಂದ ನನ್ನ ಕೈ ನೂಕಿತು. ಯಾವಾಗಲೂ ತಲೆ ಸವರುವ ಕೈ ಅಂದು ಸವರಲಿಲ್ಲ. ಪರಿಚಯದ ಮನುಷ್ಯರೆಲ್ಲ ಕಂಬಗಳಾದಂತೆ ಅದಕ್ಕೆ ಕಂಡಿರಬೇಕು. ಯುದ್ಧ, ಮೌನ ಅದಕ್ಕೇನು ಗೊತ್ತು? ಅದಕ್ಕೆ ಗೊತ್ತಿದ್ದದ್ದು ಒಂದೇ: ಮಗ್ಗ ನಿಂತರೆ ಕರೆಂಟ್ ಹೋಯಿತು, ಮೂಲೆ ಖಾಲಿಯಾಯಿತು. ಅಂಜಿದ ಪ್ರಾಣಿ ತನ್ನ ಜಾಗಕ್ಕೆ ಓಡಿತು.

ಆಗ ನನಗೆ ಕೂಸಿನ ಕಾಲ್ಗೆಜ್ಜೆ ಕೇಳಿಸಿತು.

ಮಗ್ಗದ ಗದ್ದಲದಲ್ಲಿ ಆ ಗೆಜ್ಜೆಯ ಸದ್ದು ಎಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅಡುಗೆಮನೆಯಿಂದ ಹೊರಟಿತು. ನಾಯಿಯ ಹಿಂದೆಯೇ ನಡುವಿನ ಬಾಗಿಲು ದಾಟಿತು. ಮಗ್ಗ ನಿಂತಿತಲ್ಲ ಎಂದು ಸೊಸೆ ರೂಢಿಯಂತೆ ಹಲಗೆ ತೆಗೆದಿಟ್ಟಿದ್ದಳು. ಈಗ ಅವಳು ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಾಳೆ, ಕೂಸು ಅತ್ತೆಯ ಹತ್ತಿರ ಇದೆಯೆಂದು. ನನ್ನ ಹೆಂಡತಿ ಆ ಕಡೆ ನಿಂತಿದ್ದಾಳೆ, ಕೂಸು ಸೊಸೆಯ ಹತ್ತಿರ ಇದೆಯೆಂದು. ಗೆಜ್ಜೆ ಶೆಡ್ಡಿನೊಳಗೆ ಹೋಗಿ ನಿಂತುಬಿಟ್ಟಿತು. ಎಲ್ಲಿ ನಿಂತಿತೆಂದು ನನಗೆ ಗೊತ್ತು. ಹಿಡಿಕೆ ಬಿಡಿಸಿಲ್ಲ ಎಂಬುದೂ ಗೊತ್ತು. ಒಳಗೆ ನೇಕಾರ ಸ್ವಿಚ್ಚಿನ ಮೇಲೆ ಕೈ ಇಟ್ಟು, ಗೋಡೆಗೆ ಮುಖ ಮಾಡಿ ಸೀಟಿಗೆ ಕಾಯುತ್ತಿದ್ದಾನೆ.

ಎದುರಿಗೆ ಅಕ್ಕ ಮಗನ ಫೋಟೋದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಳು. ಅವಳ ಮಗನ ಮೌನವನ್ನು ಹೇಗೆ ಮುರಿಯಲಿ? ಸೈನಿಕನ ಕೆನ್ನೆ ಉಬ್ಬಿದ್ದು ಕಂಡಿತು.

"ಬ್ಯಾಡೋ! ಸ್ವಿಚ್ ಏರಸಬ್ಯಾಡೋ!"

ನನ್ನ ಕೂಗು, ಸೀಟಿ, ಎರಡೂ ಕೂಡಿಯೇ ಹೊರಟವು. ಅದರ ಹಿಂದೆಯೇ ಓಣಿಯ ಮಗ್ಗವೆಲ್ಲ ಗುಡುಗಿದವು. ಆ ಗುಡುಗಿನಲ್ಲಿ ನನ್ನ ಮಗ್ಗವೂ ಇದೆಯೋ ಇಲ್ಲವೋ, ಹೇಗೆ ತಿಳಿಯಬೇಕು? ಓಡಿದೆ. ಹೊಸ್ತಿಲಿನಿಂದ ಶೆಡ್ಡಿಗೆ ನಾಲ್ಕು ಹೆಜ್ಜೆ, ಜಮಖಂಡಿಯಷ್ಟು ದೂರವಾಯಿತು.

ನೇಕಾರ ಸ್ವಿಚ್ಚನ್ನು ಅರ್ಧ ಏರಿಸಿ ಹಿಡಿದು ನಿಂತಿದ್ದ. "ಏನಾತ್ರಿ?"

ಬೆರಳು ತೋರಿಸಿದೆ. ಬಗ್ಗಿ ನೋಡಿದವನೇ ಅವನು ಫ್ಯೂಜ್ ಕಿತ್ತು ನೆಲಕ್ಕೆ ಒಗೆದ. ಮೂಲೆಯ ಮಗ್ಗದ ಕೆಳಗೆ ನಾಯಿಯ ಎರಡು ಕಣ್ಣು. ಅದರ ಹೊಟ್ಟೆಗೆ ಒರಗಿ ನನ್ನ ಕೂಸು, ಬಾಯಲ್ಲಿ ಬೆರಳು, ಕೈಯಲ್ಲಿ ನಾಯಿಯ ಕಿವಿ. ನನ್ನನ್ನು ನೋಡಿ ನಕ್ಕಿತು! ಎತ್ತಿಕೊಂಡು ಅಲ್ಲೇ ಕೂತೆ. ಸೊಸೆ ನನ್ನನ್ನೂ ಕೂಸನ್ನೂ ಕೂಡಿಯೇ ತಬ್ಬಿಕೊಂಡು ಅತ್ತಳು.

ಅಷ್ಟರಲ್ಲಿ ಎದುರು ಮನೆಯ ಅಕ್ಕ ಬಂದಳು. ನಾನು ಎದ್ದು, "ಅಕ್ಕಾ, ನಿನ್ನ ಮಗನ ದಿನ ನಾ ಹಿಂಗ ಒದರಿಬಿಟ್ನಿ..." ಎಂದೆ.

"ಸುಮ್ನಿರೋ ತಮ್ಮಾ. ಅಂವ ಇದ್ದಿದ್ರ ನಿನಗಿಂತ ಮೊದಲ ಒದರತಿದ್ದ. ಕೊಡಿಲ್ಲೆ ಕೂಸನ್ನ," ಎಂದು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಬಹಳ ಹೊತ್ತು ತಿರುಗಿ ಕೊಡಲಿಲ್ಲ. ನಾವೂ ಕೇಳಲಿಲ್ಲ.

ನಾಯಿ ಮಾತ್ರ ಹೊರಗೆ ಬರಲೊಲ್ಲದು. ಮಾಜಿ ಸೈನಿಕ ಇಸ್ತ್ರಿ ಬಟ್ಟೆಯಲ್ಲೇ ನೆಲಕ್ಕೆ ಹೊಟ್ಟೆ ಹಚ್ಚಿ ರೊಟ್ಟಿ ತುಂಡು ಹಿಡಿದು ಕರೆದ, ಪುಸಲಾಯಿಸಿದ.

"ದುಷ್ಮನ್ನರನ್ನ ಓಡಿಸಿ ಬಂದಾವ್ರು, ಒಂದ ನಾಯಿ ಕರಿಯಾಕ ಬರವಲ್ದೇನ್ರಿ?" ಎಂದಳು ನನ್ನ ಹೆಂಡತಿ, ಕಣ್ಣೀರು ಒರೆಸಿಕೊಳ್ಳುತ್ತಲೇ.

ಆ ದಿನ ನಾವು ಮತ್ತೆ ಮಗ್ಗ ಹಚ್ಚಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ನಮ್ಮ ಓಣಿ ಎರಡು ನಿಮಿಷ ನಿಲ್ಲುತ್ತದೆ. ಮೊದಮೊದಲು ನಾನು ಮೊಮ್ಮಗಳನ್ನು ಎತ್ತಿಕೊಂಡೇ ನಿಲ್ಲುತ್ತಿದ್ದೆ. ಅವಳು ದೊಡ್ಡವಳಾದಳು, ಶಾಲೆಗೆ ಹೋಗುತ್ತಾಳೆ, ಎತ್ತಲು ಆಗುವುದಿಲ್ಲ. ಕೈ ಹಿಡಿದು ನಿಲ್ಲುತ್ತೇನೆ. ಮೌನದ ನಡುವೆಯೇ ಮೆಲ್ಲಗೆ ಬೈಯುತ್ತಾಳೆ: "ಅಜ್ಜಾ, ಸಡ್ಲ ಹಿಡಿಯೋ, ಕೈ ನೋಯಾಕತ್ತೈತಿ."

ಎರಡನೆಯ ಸೀಟಿ ಆಗಿ ಮಗ್ಗ ಶುರುವಾಗುವವರೆಗೂ ನಾನು ಸಡಿಲ ಬಿಡುವುದಿಲ್ಲ.