ಬೀಗರ ಪದ ಹೊಸಿಲು ದಾಟಿದಾಗ

ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಬಸ್ಸಿನಲ್ಲಿ, ಮಲವಗೊಪ್ಪ ದಾಟುವಾಗ, ಹಿಂದಿನ ಸೀಟಿನ ಗಂಡಸಿನ ಮೊಬೈಲಿನಲ್ಲಿ ನನ್ನದೇ ದನಿ ಕೇಳಿಸಿತು. ಅವನು ನಕ್ಕ. ಮತ್ತೆ ಹಾಕಿದ. ನಾನು ಸೆರಗನ್ನು ಮುಖಕ್ಕೆಳೆದುಕೊಂಡೆ.

ಗದಗದ ಕಡೆಯ ಹಳ್ಳಿಯಿಂದ ಗಂಡನ ಕೆಲಸದ ಬೆನ್ನು ಹತ್ತಿ ಭದ್ರಾವತಿಯ ಹಳೇನಗರಕ್ಕೆ ಬಂದವಳು ನಾನು. ರೊಟ್ಟಿ ಬಿಟ್ಟು ಅನ್ನಕ್ಕೆ ಒಗ್ಗಿಕೊಂಡೆ, ಪಕ್ಕದ ಮನೆಯವರ ತಮಿಳೂ ಅಷ್ಟಿಷ್ಟು ಬಂತು. ನನ್ನ ಹಾಡು ಮಾತ್ರ ಯಾರಿಗೂ ಬೇಕಿರಲಿಲ್ಲ. ಇಲ್ಲಿ ಮದುವೆಯೆಂದರೆ ಆರ್ಕೆಸ್ಟ್ರಾ. ಹಾಗಾಗಿ ಎದುರುಮನೆಯ ಸರೋಜಕ್ಕ ಮಗಳು ಕಾವ್ಯಾಳ ಮದುವೆಯಲ್ಲಿ ಬೀಗರ ಪದ ಹೇಳು ಎಂದಾಗ ಹಿಗ್ಗಿಹೋದೆ.

ಬೀಗರ ಪದವೆಂದರೆ ಹೆಂಗಸರು ಸೇರಿ ಬೀಗರನ್ನು ಹೆಸರು ಹಿಡಿದು ಗೇಲಿ ಮಾಡುವ ಹಾಡು. ನಮ್ಮೂರಲ್ಲಿ ಹಾಡುವವರು ಒಳಗೆ. ಗಂಡಸರು ಪಡಸಾಲೆಯಲ್ಲಿ, ಕೇಳಿಯೂ ಕೇಳದ ಹಾಗೆ. ಬೈಸಿಕೊಂಡ ಬೀಗ ಕೊನೆಗೆ ಕುಪ್ಪಸದ ಖಣ ಕಳಿಸುತ್ತಾನೆ. ಹೆಸರು ಹಿಡಿಯದಿದ್ದರೇ ಅವನಿಗೆ ಅವಮಾನ. ಅದೇ ರೂಢಿಯಲ್ಲಿ ಕಾವ್ಯಾಳ ಮಾವನ ಹೆಸರು ಹಿಡಿದು, ಅವರ ಹೊಟ್ಟೆಯನ್ನೂ ಜಿಪುಣತನವನ್ನೂ ಎಳೆದಾಡಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರೋ ಮೊಬೈಲಿನಲ್ಲಿ ಹಿಡಿದು, ಆ ಒಂದು ನುಡಿಯನ್ನಷ್ಟೇ ಕತ್ತರಿಸಿ ಜಾಲತಾಣಕ್ಕೆ ಹಾಕಿಬಿಟ್ಟಿದ್ದರು. ಬಸ್ಸಿನಲ್ಲಿ ಕೇಳಿದ್ದು ಅದೇ.

ವಿಡಿಯೋದ ಕೆಳಗೆಲ್ಲ ಗಂಡಸರ ಕಾಮೆಂಟು. ಇವಳ ಮನೆ ಎಲ್ಲಿ ಎಂದು ಕೇಳಿದವರಿಗೆ ಒಬ್ಬ ನಮ್ಮ ಬೀದಿಯ ಹೆಸರನ್ನೇ ಬರೆದಿದ್ದ. ಅಂದಿನಿಂದ ಬಾಗಿಲ ಮುಂದೆ ಬೈಕೊಂದು ನಿಧಾನವಾದರೂ ಎದ್ದು ಚಿಲಕ ಹಾಕಿಕೊಳ್ಳುತ್ತಿದ್ದೆ. ಅದಕ್ಕಿಂತ ದೊಡ್ಡ ಭಯ ಕಾವ್ಯಾಳ ಫೋನಿನಲ್ಲಿ ಬಂತು.

“ಅಕ್ಕಾ, ಮಾವ ನನ್ನ ಕೈಯಿಂದ ನೀರೂ ಮುಟ್ತಿಲ್ಲ. ನೀವು ತಪ್ಪಾಯ್ತು ಅಂತ ವಿಡಿಯೋ ಹಾಕ್ಬೇಕಂತೆ. ಇಲ್ಲಾಂದ್ರೆ ನನ್ನ ತವರಿಗೆ ಕಳಿಸ್ತಾರಂತೆ.”

ಊರಿಗೆ ಫೋನ್ ಮಾಡಿ ಅವ್ವನನ್ನು ಕೇಳಿದೆ. ಬೀಗರ ಪದಕ್ಕೆ ತಪ್ಪೊಪ್ಪಿಕೊಂಡರೆ ಹಾಡುವ ಹೆಂಗಸರೆಲ್ಲರ ಮಾನ ಹೋದಂತೆ ಎಂದಳು. ಅದು ಸುಳ್ಳಲ್ಲ. ಆದರೆ ಪೆಟ್ಟಿಗೆ ಹಿಡಿದು ಮರಳಬೇಕಾದವಳು ಅವ್ವನಲ್ಲ, ಕಾವ್ಯಾ.

ಮೊಬೈಲನ್ನು ಸರೋಜಕ್ಕ ಹಿಡಿದರು. ನಾನು ಕೈಮುಗಿದು, ತಪ್ಪಾಯಿತೆಂದೆ. ಕಾವ್ಯಾ ಗಂಡನ ಮನೆಯಲ್ಲೇ ಉಳಿದಳು.

ಈಗ ಇಲ್ಲಿ ಯಾರೂ ನನಗೆ ಹಾಡು ಎನ್ನುವುದಿಲ್ಲ. ಎದುರಿಗೆ ಯಾರಾದರೂ ಮೊಬೈಲ್ ಎತ್ತಿದರೆ ನನಗೆ ಮಾತೂ ಹೊರಡುವುದಿಲ್ಲ. ಮೊನ್ನೆ ಅವ್ವ ತಂಗಿಯ ಮದುವೆಗೆ ಕರೆದಳು. ಅಲ್ಲಾದರೂ ಬಾಯಿಬಿಟ್ಟು ಹಾಡಬಹುದೆಂದು, ಯಾವ ಪದ ಹೇಳಲಿ ಎಂದು ಕೇಳಿದೆ.

“ಉಂಡು ಹೋಗಾಕ ಬಾರವ್ವ. ಹಾಡಾಕ ಬ್ಯಾರೇದವರಿಗೆ ಹೇಳೀವಿ.”